ಪಂಚಾಯಿತಿಯ ಮೊಬೈಲ್‌ಗೆ ಪಂಚಾಯಿತಿಯದೇ ಕೀಲಿ: ಸಾಧನಗಳ ಕೇಂದ್ರೀಕೃತ ನಿರ್ವಹಣೆ

ಗ್ರಾಮ ಪಂಚಾಯಿತಿಯ ಆಡಳಿತದಲ್ಲಿ ಮೊಬೈಲ್ ಫೋನ್ ಇಂದು ವಹಿಗಳಷ್ಟೇ ಅಗತ್ಯವಾದ ಸಾಧನವಾಗಿದೆ. ಉದ್ಯೋಗ ಖಾತರಿ ಯೋಜನೆಯಲ್ಲಿ ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಹೊರತುಪಡಿಸಿ ಉಳಿದ ಕಾಮಗಾರಿಗಳ ಹಾಜರಾತಿಯನ್ನು ಎನ್‌ಎಂಎಂಎಸ್ ಆ್ಯಪ್ ಮೂಲಕ, ದಿನಕ್ಕೆ ಎರಡು ಬಾರಿ ಛಾಯಾಚಿತ್ರ ಸಹಿತ ದಾಖಲಿಸುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ಫೋನ್ ಕೈಕೊಟ್ಟರೆ ಬಿಸಿಲಿನಲ್ಲಿ ದುಡಿದವರ ಕೂಲಿಯೇ ತೊಡಕಿಗೆ ಸಿಲುಕುತ್ತದೆ. ಆದುದರಿಂದ ಕಚೇರಿಯ ಫೋನ್‌ನ ಹತೋಟಿ ಯಾರ ಕೈಯಲ್ಲಿರಬೇಕು ಎಂಬುದು ಮಾನ್ಯ ಸದಸ್ಯರು ಗಮನಿಸಬೇಕಾದ ವಿಷಯವಾಗಿದೆ.

ಒಂದು ಅನುಭವ

ನಾನು ಹಿಂದೆ ಕರ್ತವ್ಯ ನಿರ್ವಹಿಸಿದ ಪಂಚಾಯಿತಿಯೊಂದರಲ್ಲಿ ಹೊರಗುತ್ತಿಗೆ ಸಿಬ್ಬಂದಿಯೊಬ್ಬರು ಕೆಲಸ ಬಿಡುವಾಗ ಕಚೇರಿಯ ಫೋನನ್ನು ಹಿಂದಿರುಗಿಸಿದರು. ಚಾರ್ಜ್ ಪಟ್ಟಿಗೆ ಸಹಿಯೂ ಆಯಿತು. ಮರುದಿನ ಪರದೆಯ ಲಾಕ್ ತೆರೆಯಲಿಲ್ಲ. ಅಂಗಡಿಯಲ್ಲಿ ರೀಸೆಟ್ ಮಾಡಿಸಿದಾಗ ಅದು ಹಿಂದಿನ ಬಳಕೆದಾರರ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳಿತು. ಅವರಿಗೆ ಅದು ನೆನಪಿರಲಿಲ್ಲ. ಪಂಚಾಯಿತಿಯ ಹಣದಿಂದ ಕೊಂಡ ಫೋನ್ ತಿಂಗಳುಗಟ್ಟಲೆ ಬೀರುವಿನಲ್ಲಿ ಉಳಿಯಿತು. ಆ ಲಾಕ್ ಕಳ್ಳತನ ತಡೆಯಲು ಇರುವಂಥದ್ದು. ಮೊದಲ ದಿನವೇ ನೌಕರರ ಸ್ವಂತ ಖಾತೆಯಿಂದ ಫೋನ್ ಆರಂಭಿಸಲು ಬಿಟ್ಟದ್ದು ನಮ್ಮ ತಪ್ಪು.

ಕೇಂದ್ರೀಕೃತ ನಿರ್ವಹಣೆ ಎಂದರೇನು?

ಸಂಸ್ಥೆಯ ಎಲ್ಲ ಫೋನ್ ಮತ್ತು ಟ್ಯಾಬ್‌ಗಳನ್ನು ಒಂದೇ ತಂತ್ರಾಂಶದಲ್ಲಿ ನೋಂದಾಯಿಸಿ, ಅಧಿಕೃತ ನಿರ್ವಾಹಕರೊಬ್ಬರು ಕಚೇರಿಯ ಗಣಕಯಂತ್ರದಿಂದಲೇ ನಿರ್ವಹಿಸುವ ಕ್ರಮವಿದು. ಹೊಸ ಅಥವಾ ರೀಸೆಟ್ ಮಾಡಿದ ಆಂಡ್ರಾಯ್ಡ್ ಫೋನನ್ನು ಆರಂಭಿಸುವಾಗ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅದು ಸಂಸ್ಥೆಯ ಹತೋಟಿಗೆ ಬರುತ್ತದೆ.

ಪ್ರಯೋಜನಗಳು

1. ಸಿಬ್ಬಂದಿ ಬದಲಾದರೂ ಫೋನ್ ಕಚೇರಿಯದಾಗಿಯೇ ಉಳಿಯುತ್ತದೆ; ನಿರ್ವಾಹಕರು ಲಾಕ್ ಬದಲಿಸಿ ಹೊಸಬರಿಗೆ ನೀಡಬಹುದು.

2. ಫೋನ್ ಕಳೆದುಹೋದರೆ ದೂರದಿಂದಲೇ ಲಾಕ್ ಮಾಡಬಹುದು, ಅಗತ್ಯವಿದ್ದರೆ ಮಾಹಿತಿಯನ್ನು ಅಳಿಸಬಹುದು. ಜನರ ಆಸ್ತಿ, ಬ್ಯಾಂಕ್ ಖಾತೆ, ದೂರವಾಣಿ ಸಂಖ್ಯೆಗಳ ವಿವರ ಅನ್ಯರ ಪಾಲಾಗದಂತೆ ಕಾಯುವುದು ನಮ್ಮ ಹೊಣೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಸಹ ಇಂತಹ ಮಾಹಿತಿಗೆ ಸೂಕ್ತ ಭದ್ರತೆಯನ್ನು ಬಯಸುತ್ತದೆ.

3. ಅಗತ್ಯ ಆ್ಯಪ್‌ಗಳನ್ನು ಎಲ್ಲ ಫೋನ್‌ಗಳಿಗೂ ಒಮ್ಮೆಗೇ ಅಳವಡಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬರುವ ನಕಲಿ ಎಪಿಕೆ ಕಡತಗಳ ಅಳವಡಿಕೆಯನ್ನು ತಡೆಯಬಹುದು.

4. ಯಾವ ಫೋನ್ ಯಾರ ಬಳಿ ಇದೆ, ಯಾವುದು ಬಹಳ ದಿನಗಳಿಂದ ಬಳಕೆಯಾಗಿಲ್ಲ ಎಂಬುದು ಒಂದೇ ಪಟ್ಟಿಯಲ್ಲಿ ದೊರೆಯುತ್ತದೆ.

ಮಿತಿಗಳು

ಫೋನ್ ಸ್ವಿಚ್ ಆಫ್ ಆಗಿದ್ದರೆ ಅಥವಾ ನೆಟ್‌ವರ್ಕ್ ಇಲ್ಲದಿದ್ದರೆ ಲಾಕ್ ಆದೇಶ ತಲುಪುವುದಿಲ್ಲ. ಮತ್ತೆ ಸಂಪರ್ಕ ದೊರೆತಾಗಲೇ ಜಾರಿಯಾಗುತ್ತದೆ. ಅಳಿಸಿದ ಫೋನ್‌ನಲ್ಲಿ ಅಪ್‌ಲೋಡ್ ಆಗದೆ ಉಳಿದ ಛಾಯಾಚಿತ್ರಗಳು ಮರಳಿ ಬರುವುದಿಲ್ಲ. ಆದ್ದರಿಂದ ಮೊದಲು ಲಾಕ್ ಮಾಡಿ, ಹುಡುಕಿ, ಸಿಗದಿದ್ದಾಗ ಮಾತ್ರ ಅಳಿಸುವುದು ಸೂಕ್ತ.

ಕಾಯಕ ಬಂಧುಗಳಂತೆ ಸ್ವಂತ ಫೋನ್ ಬಳಸುವವರ ಆತಂಕವೂ ಸಹಜವಾದುದೇ. ಅಂತಹ ಫೋನ್‌ಗಳಲ್ಲಿ ಕಚೇರಿ ಕೆಲಸಕ್ಕೆ ಪ್ರತ್ಯೇಕ ವಿಭಾಗವನ್ನು ರಚಿಸಬಹುದು. ಆ ವಿಭಾಗದ ಹೊರಗಿನ ಅವರ ಖಾಸಗಿ ಚಿತ್ರ, ಸಂದೇಶಗಳನ್ನು ನಿರ್ವಾಹಕರು ನೋಡಲಾಗದು. ಕಚೇರಿಯ ಫೋನ್‌ನಲ್ಲಿಯೂ ಏನನ್ನು ಗಮನಿಸಲಾಗುತ್ತದೆ ಎಂಬುದನ್ನು ಸಿಬ್ಬಂದಿಗೆ ಮೊದಲೇ ಲಿಖಿತವಾಗಿ ತಿಳಿಸುವುದು ನ್ಯಾಯೋಚಿತ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಈ ತಂತ್ರಾಂಶಗಳಿಗೆ ಸಾಮಾನ್ಯವಾಗಿ ಸಾಧನವೊಂದಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಶುಲ್ಕವಿರುತ್ತದೆ. ನಾಲ್ಕೈದು ಫೋನ್‌ಗಳಿರುವ ಪಂಚಾಯಿತಿ ಒಂಟಿಯಾಗಿ ಮಾಡುವುದಕ್ಕಿಂತ ತಾಲ್ಲೂಕು ಮಟ್ಟದಲ್ಲಿ ಒಟ್ಟಾಗಿ ಅಳವಡಿಸಿಕೊಳ್ಳುವುದು ಅನುಕೂಲಕರ. ಅಲ್ಲಿಯವರೆಗೆ ಖರ್ಚಿಲ್ಲದೆ ಈ ಮೂರು ಕ್ರಮಗಳನ್ನು ಸಾಮಾನ್ಯ ಸಭೆಯಲ್ಲಿ ನಿರ್ಣಯಿಸಬಹುದು.

• ಕಚೇರಿಯ ಪ್ರತಿ ಫೋನನ್ನು ಕಚೇರಿಯ ಖಾತೆಯಿಂದಲೇ ಆರಂಭಿಸುವುದು. ಪಾಸ್‌ವರ್ಡ್ ಪ್ರತಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿ ಭದ್ರವಾಗಿಡುವುದು.

• ಸ್ಟಾರ್-ಹ್ಯಾಷ್-06-ಹ್ಯಾಷ್ ಒತ್ತಿದಾಗ ಕಾಣುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ದಾಸ್ತಾನು ವಹಿಯಲ್ಲಿ ನಮೂದಿಸುವುದು. ಎರಡು ಸಿಮ್‌ಗಳ ಫೋನ್‌ನಲ್ಲಿ ಎರಡು ಸಂಖ್ಯೆಗಳಿರುತ್ತವೆ. ಫೋನ್ ಕಳೆದುಹೋದಾಗ ಪೊಲೀಸ್ ದೂರು ನೀಡಿ, ಸಂಚಾರ್ ಸಾಥಿ ಜಾಲತಾಣದಲ್ಲಿ ಅದನ್ನು ನಿರ್ಬಂಧಿಸಲು ಈ ಸಂಖ್ಯೆ ಬೇಕಾಗುತ್ತದೆ.

• ಸಿಬ್ಬಂದಿ ಕೆಲಸ ಬಿಡುವಾಗ ಅವರ ಎದುರಿನಲ್ಲಿಯೇ ಲಾಕ್ ತೆರೆದು, ಖಾತೆ ತೆಗೆಸಿ, ಅನಂತರವೇ ಚಾರ್ಜ್ ಪಟ್ಟಿಗೆ ಸಹಿ ಪಡೆಯುವುದು.

ಕಚೇರಿಯ ಬೀರುವಿನ ಕೀಲಿಯನ್ನು ಯಾವ ನೌಕರರೂ ಮನೆಗೆ ಒಯ್ದು ಉಳಿಸಿಕೊಳ್ಳುವುದಿಲ್ಲ. ಫೋನ್‌ನ ಕೀಲಿಗೂ ಅದೇ ನಿಯಮ ಅನ್ವಯವಾಗಲಿ.