ಇನ್ಫೋಸಿಸ್ ಹುಟ್ಟಿದ್ದು ಹತ್ತು ಸಾವಿರದಿಂದಲ್ಲ

ಹೋದ ಬೇಸಿಗೆಯಲ್ಲಿ ದೇವದುರ್ಗದ ಕಡೆಯಿಂದ ನನ್ನ ಅಕ್ಕನ ಮಗ ರಾಯಚೂರಿಗೆ ಬಂದಿದ್ದ. ಬಸ್ ನಿಲ್ದಾಣದ ಹತ್ತಿರ ಒಗ್ಗರಣಿ, ಮಿರ್ಚಿ ತಿನ್ನುತ್ತ ಕೂತಿದ್ದೆವು. ಎಂಜಿನಿಯರಿಂಗ್ ಮೂರನೇ ವರ್ಷದ ಹುಡುಗ. ತಟ್ಟೆ ಅರ್ಧ ಖಾಲಿಯಾಗುವ ಹೊತ್ತಿಗೆ ವಿಷಯ ಹೊರಬಿತ್ತು. ಕಾಲೇಜು ಬಿಡುತ್ತಾನಂತೆ. ಆ್ಯಪ್ ಮಾಡುತ್ತಾನಂತೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬರುವ ಎರಡು ಎಕರೆಯ ಮೇಲೆ ಅಪ್ಪನ ಕೈಲಿ ಸಾಲ ತೆಗೆಸುತ್ತಾನಂತೆ. ಏನು ಆ್ಯಪು, ಯಾರಿಗೆ ಬೇಕು ಎಂದು ಕೇಳಿದೆ. ಉತ್ತರ ಬರಲಿಲ್ಲ. ಫೋನ್ ತೆಗೆದು ಒಂದು ಚಿತ್ರ ತೋರಿಸಿದ. ನಾರಾಯಣ ಮೂರ್ತಿಯವರ ಫೋಟೊ, ಅದರ ಕೆಳಗೆ ಕೆಂಪಕ್ಷರದಲ್ಲಿ ‘ಹೆಂಡತಿ ಕೊಟ್ಟ ಹತ್ತು ಸಾವಿರ, ಇಂದು ಲಕ್ಷಾಂತರ ಕೋಟಿ’.

“ಹತ್ತು ಸಾವಿರದಾಗ ಇನ್ಫೋಸಿಸ್ ಕಟ್ಟ್ಯಾರ ಮಾಮಾ. ನನ್ನ ಕೈಯಾಗ ನಾಕು ಲಕ್ಷ ಇರತಾವ.”

ಈ ಲೆಕ್ಕ ಅವನಿಗೆ ಬಂದದ್ದು ಮಾನ್ವಿಯ ಒಂದು ಕಲ್ಯಾಣ ಮಂಟಪದಿಂದ. ಅಲ್ಲಿ ಒಂದು ದಿನದ ತರಬೇತಿ ನಡೆದಿತ್ತು. ದುಡ್ಡು ಕಟ್ಟಿ ಒಳಗೆ ಹೋದ ಹುಡುಗರಿಗೆ ವೇದಿಕೆಯ ಮೇಲಿನವರು ಇದೇ ಕಥೆ ಹೇಳಿ, ಧೈರ್ಯ ಒಂದಿದ್ದರೆ ಸಾಕು, ಓದು ಬೇಡ, ಅನುಭವ ಬೇಡ ಎಂದು ಚಪ್ಪಾಳೆ ಹೊಡೆಸಿ ಕಳಿಸಿದ್ದರು. ನನಗೆ ಸಿಟ್ಟು ಬಂದದ್ದು ಹುಡುಗನ ಮೇಲಲ್ಲ. ಆ ಚಿತ್ರವನ್ನು ನಾನೂ ಹತ್ತು ಸಲ ನೋಡಿದ್ದೇನೆ, ಒಮ್ಮೆಯೂ ಯಾರಿಗೂ ಇದು ಹೀಗಲ್ಲ ಎಂದು ಹೇಳಿರಲಿಲ್ಲ.

ಹತ್ತು ಸಾವಿರ ಸುಳ್ಳಲ್ಲ. 1981ರ ಜುಲೈ 2ರಂದು ಪುಣೆಯಲ್ಲಿ ಕಂಪನಿ ನೋಂದಣಿಯಾದಾಗ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಅಷ್ಟು ಕೊಟ್ಟದ್ದು ನಿಜ. ಕೂಡಿಟ್ಟಿದ್ದ 10,250 ರೂಪಾಯಿಯಲ್ಲಿ 250 ತಮಗಿಟ್ಟುಕೊಂಡು ಉಳಿದದ್ದು ಕೊಟ್ಟೆ ಎಂದು ಅವರೇ ಹೇಳಿಕೊಂಡಿದ್ದಾರೆ. ಆದರೆ ಆ ಹತ್ತು ಸಾವಿರವನ್ನು ಇವತ್ತಿನ ಹತ್ತು ಸಾವಿರ ಅಂದುಕೊಂಡರೆ ಮೊದಲ ತಪ್ಪು ಅಲ್ಲೇ ಆಯಿತು. ನಮ್ಮ ಕಡೆ ದುಡ್ಡಿನ ಬೆಲೆ ಅರ್ಥವಾಗುವುದು ಬಂಗಾರದಲ್ಲಿ. ಆ ವರ್ಷ ಹತ್ತು ಗ್ರಾಂ ಬಂಗಾರ ಸುಮಾರು 1,800 ರೂಪಾಯಿ. ಅಂದರೆ ಐವತ್ತೈದು ಗ್ರಾಂ ಬಂಗಾರದ ದುಡ್ಡು ಅದು. ಇವತ್ತಿನ ದರಕ್ಕೆ ಗುಣಿಸಿ ನೋಡಿ. 1974ರಲ್ಲಿ ಟೆಲ್ಕೊ ಕಂಪನಿ ಸೇರಿದಾಗ ಎಂಜಿನಿಯರ್ ಸುಧಾ ಅವರ ತಿಂಗಳ ಸಂಬಳ 1,500 ರೂಪಾಯಿ, ಆ ಕಾಲಕ್ಕೆ ಅದು ದೊಡ್ಡ ಸಂಬಳವೇ.

ಇದೇ ಕಥೆ ಇಂಗ್ಲಿಷ್ ಪತ್ರಿಕೆಗಳಲ್ಲಿ ‘250 ಡಾಲರ್ ಬಂಡವಾಳ’ ಎಂದು ತಿರುಗಾಡುತ್ತದೆ. 1981ರಲ್ಲಿ ಒಂದು ಡಾಲರಿಗೆ ಒಂಬತ್ತು ರೂಪಾಯಿಯೂ ಇರಲಿಲ್ಲ. ಆಗಿನ ದರಕ್ಕೆ ಹತ್ತು ಸಾವಿರ ರೂಪಾಯಿ ಸಾವಿರದ ನೂರು ಡಾಲರ್ ದಾಟುತ್ತದೆ. ಡಾಲರ್ ನಲವತ್ತು ರೂಪಾಯಿ ಆದ ಮೇಲಿನ ದರ ಹಿಡಿದು ಭಾಗಿಸಿದರೆ ಮಾತ್ರ 250 ಬರುತ್ತದೆ. ಹೈಸ್ಕೂಲಿನ ಭಾಗಾಕಾರ ಇದು. ಆದರೂ ದೊಡ್ಡ ದೊಡ್ಡ ವೇದಿಕೆಗಳಲ್ಲಿ ಆ 250ನ್ನು ಹೇಳುತ್ತಲೇ ಇದ್ದಾರೆ, ಕೇಳುವವರು ನಂಬುತ್ತಲೇ ಇದ್ದಾರೆ.

ಇಷ್ಟಾದರೂ ನನ್ನ ತಕರಾರು ದುಡ್ಡಿನ ಮೊತ್ತದ್ದಲ್ಲ. ಹತ್ತು ಸಾವಿರ ಕಥೆಯಲ್ಲಿ ಎಲ್ಲಕ್ಕಿಂತ ಸಣ್ಣ ಬಂಡವಾಳ. ದೊಡ್ಡ ಬಂಡವಾಳಗಳನ್ನೆಲ್ಲ ಆ ಚಿತ್ರ ಮುಚ್ಚಿಟ್ಟಿದೆ.

ಮೊದಲನೆಯ ಬಂಡವಾಳ, ಓದು ಮತ್ತು ಅನುಭವ. ಕಂಪನಿ ಶುರುವಾದ ದಿನ ನಾರಾಯಣ ಮೂರ್ತಿಯವರಿಗೆ 35 ತುಂಬಲು ಒಂದೂವರೆ ತಿಂಗಳು ಬಾಕಿ. ಶಿಡ್ಲಘಟ್ಟದಲ್ಲಿ ಹುಟ್ಟಿದ ಶಾಲಾ ಮೇಷ್ಟರ ಮಗ. 1967ಕ್ಕೆ ಮೈಸೂರಿನ ಎನ್‌ಐಇ ಕಾಲೇಜಿನಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, 1969ಕ್ಕೆ ಕಾನ್ಪುರ ಐಐಟಿಯಿಂದ ಎಂ.ಟೆಕ್. ಅಲ್ಲಿಂದ ಅಹಮದಾಬಾದ್ ಐಐಎಂನಲ್ಲಿ ಮುಖ್ಯ ಸಿಸ್ಟಮ್ಸ್ ಪ್ರೋಗ್ರಾಮರ್. ದೇಶದಲ್ಲಿ ಕಂಪ್ಯೂಟರ್ ಕಂಡವರೇ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಟೈಮ್ ಶೇರಿಂಗ್ ವ್ಯವಸ್ಥೆಯ ಮೇಲೆ ಕೆಲಸ ಮಾಡಿದವರು. ಬಳಿಕ ಪ್ಯಾರಿಸ್‌ನಲ್ಲಿ ಸೆಸಾ ಎಂಬ ಕಂಪನಿ, ಅಲ್ಲಿ ಚಾರ್ಲ್ಸ್ ಡಿ ಗಾಲ್ ವಿಮಾನ ನಿಲ್ದಾಣದ ಸರಕು ನಿರ್ವಹಣೆಯ ಸಾಫ್ಟ್‌ವೇರ್. ಭಾರತಕ್ಕೆ ಮರಳಿ ಸಾಫ್ಟ್ರಾನಿಕ್ಸ್ ಎಂಬ ಸ್ವಂತ ಕಂಪನಿ ತೆಗೆದರು. ಅದು ಒಂದೂವರೆ ವರ್ಷದ ಆಸುಪಾಸಿನಲ್ಲಿ ಮುಚ್ಚಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇನ್ಫೋಸಿಸ್ ಅವರ ಎರಡನೇ ಪ್ರಯತ್ನ. ಮೊದಲನೆಯದು ಬಿದ್ದಾಗ ಅವರು ಬೀದಿಗೆ ಬರಲಿಲ್ಲ, ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಲ್ಲಿ ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥರಾದರು. ಯಾಕೆ ಸಾಧ್ಯವಾಯಿತು? ಕೈಯಲ್ಲಿ ಓದು ಇತ್ತು, ಬೆನ್ನಿಗೆ ಅನುಭವ ಇತ್ತು. ಬಿದ್ದವನನ್ನು ಹಿಡಿದುಕೊಂಡದ್ದು ಆ ಡಿಗ್ರಿ. ಕಲ್ಯಾಣ ಮಂಟಪದಲ್ಲಿ ನಮ್ಮ ಹುಡುಗರಿಗೆ ಬಿಡು ಎಂದು ಹೇಳಿದ್ದು ಅದನ್ನೇ.

ಎರಡನೆಯ ಬಂಡವಾಳ, ಮನೆಯ ಸಂಬಳ. ಸುಧಾ ಮೂರ್ತಿಯವರ ಕೆಲಸ ಇತ್ತು. ಮೂರು ವರ್ಷ ಮನೆಯ ಖರ್ಚು ನಾನು ನೋಡಿಕೊಳ್ಳುತ್ತೇನೆ, ನೀವು ಕಂಪನಿ ಕಟ್ಟಿ ಎಂದು ಅವರು ಗಂಡನಿಗೆ ಮಾತು ಕೊಟ್ಟಿದ್ದರು. ಶಿಗ್ಗಾವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಇ. ಮಾಡಿದ ಹೆಣ್ಣುಮಗಳು ಅವರು. ಅವರ ಸಂಬಳವನ್ನು ಚಿತ್ರದಿಂದ ಅಳಿಸಿ, ಒಡವೆ ಕೊಟ್ಟ ಗೃಹಿಣಿಯನ್ನಾಗಿ ಮಾಡಿದವರೂ ಇದ್ದಾರೆ. ತಿಂಗಳು ತಿಂಗಳು ಬರುವ ಸಂಬಳದ ಮುಂದೆ ಒಮ್ಮೆ ಕೊಟ್ಟ ಹತ್ತು ಸಾವಿರ ಎಷ್ಟರದು!

ಮೂರನೆಯದು ಜನ. ಒಬ್ಬರೇ ಕಟ್ಟಿದರು ಎಂದು ಹೇಳುವವರು ಏಳು ಹೆಸರು ಹೇಳಿ ನೋಡಲಿ. ನಾರಾಯಣ ಮೂರ್ತಿ, ನಂದನ್ ನಿಲೇಕಣಿ, ಎನ್.ಎಸ್. ರಾಘವನ್, ಎಸ್. ಗೋಪಾಲಕೃಷ್ಣನ್, ಎಸ್.ಡಿ. ಶಿಬುಲಾಲ್, ಕೆ. ದಿನೇಶ್, ಅಶೋಕ್ ಅರೋರಾ. ಏಳೂ ಜನ ಪಟ್ನಿಯಲ್ಲಿ ಒಂದೇ ಸೂರಿನ ಕೆಳಗೆ ಕೆಲಸ ಮಾಡಿ, ಒಬ್ಬರ ಕೈಗುಣ ಇನ್ನೊಬ್ಬರಿಗೆ ಗೊತ್ತಿದ್ದವರು. ಕಂಪನಿಯ ಮೊದಲ ನೌಕರ ಎಂದು ಲೆಕ್ಕಕ್ಕೆ ಸಿಗುವುದು ರಾಘವನ್. ಪಟ್ನಿಯಲ್ಲಿ ಒಪ್ಪಿಕೊಂಡಿದ್ದ ಕೆಲಸ ಮುಗಿಸಿಕೊಡಲು ಮೂರ್ತಿಯವರು ನಿಂತರು, ಹಾಗಾಗಿ ತಮ್ಮ ಕಂಪನಿಗೇ ತಡವಾಗಿ ಬಂದರು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಅದನ್ನು ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ಅವರಿಗೆ ಗಿರಾಕಿ ಇದ್ದ. ನ್ಯೂಯಾರ್ಕಿನ ಡೇಟಾ ಬೇಸಿಕ್ಸ್ ಕಾರ್ಪೊರೇಷನ್. ಕೆಲಸ ಗೊತ್ತಿತ್ತು, ಕೆಲಸ ಕೊಡುವವರಿದ್ದರು, ಕಂಪನಿಗೆ ಸ್ವಂತ ಕಂಪ್ಯೂಟರ್ ಒಂದೇ ಇರಲಿಲ್ಲ. ಅದಕ್ಕೇ ಸಂಗಾತಿಗಳು ಅಮೆರಿಕಕ್ಕೆ ಹೋಗಿ ಗಿರಾಕಿಯ ಯಂತ್ರದ ಮೇಲೆ ದುಡಿದರು. 1983ರಲ್ಲಿ ಮೈಕೊ ಗಿರಾಕಿಯಾಗಿ ಸಿಕ್ಕಿತು, ಕಂಪನಿ ಬೆಂಗಳೂರಿಗೆ ಬಂತು. ಬೆಂಗಳೂರಿನಲ್ಲೇ ಹುಟ್ಟಿದ ಕಂಪನಿ ಎಂಬುದೂ ತಪ್ಪು ಎಂದು ಇಲ್ಲೇ ಹೇಳಿಬಿಡುತ್ತೇನೆ.

ರಾಯಚೂರಿನ ಗಂಜ್‌ನಲ್ಲಿ ಹತ್ತಿ ಅಡತಿ ಅಂಗಡಿ ಇಟ್ಟವರನ್ನು ಕೇಳಿ, ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವವರನ್ನು ಕೇಳಿ. ಕೊಳ್ಳುವವನು ಯಾರು ಎಂದು ಗೊತ್ತಿಲ್ಲದೆ ಒಂದು ಮೂಟೆ ಕೊಳ್ಳುತ್ತಾರಾ? ತುಂಗಭದ್ರಾ ಎಡದಂಡೆಯ ಭತ್ತದ ವ್ಯಾಪಾರಿಗೆ ತಿಳಿದ ಈ ಮಾತು ಸಾಫ್ಟ್‌ವೇರ್ ಎಂದ ಕೂಡಲೇ ನಮಗೆ ಮರೆತುಹೋಗುವುದು ಹೇಗೆ?

ಆಮೇಲಿನ ಹತ್ತು ವರ್ಷವನ್ನು ಚಿತ್ರ ಒಂದು ಬಾಣದ ಗುರುತಿನಲ್ಲಿ ದಾಟಿಸುತ್ತದೆ. ಆ ಹತ್ತು ವರ್ಷ ಹೇಗಿತ್ತೆಂದರೆ, ಒಂದು ಟೆಲಿಫೋನ್ ಸಂಪರ್ಕಕ್ಕೆ ವರ್ಷ ಕಾಯಬೇಕಿತ್ತು, ಒಂದು ಕಂಪ್ಯೂಟರ್ ಆಮದು ಮಾಡಲು ಪರವಾನಗಿಗಾಗಿ ಮತ್ತೆ ಮತ್ತೆ ದೆಹಲಿಗೆ ಅಲೆಯಬೇಕಿತ್ತು. ಮೂರ್ತಿಯವರು ಇದನ್ನು ಎಷ್ಟೋ ಸಲ ಹೇಳಿದ್ದಾರೆ. 1989ರಲ್ಲಿ ಅಶೋಕ್ ಅರೋರಾ ಕಂಪನಿ ಬಿಟ್ಟರು. 1990ರಲ್ಲಿ ಸುಮಾರು 10 ಲಕ್ಷ ಡಾಲರಿಗೆ ಕಂಪನಿಯನ್ನು ಕೊಳ್ಳಲು ಒಬ್ಬರು ಮುಂದೆ ಬಂದರು. ಒಂಬತ್ತು ವರ್ಷ ದುಡಿದು ದಣಿದಿದ್ದ ಸಂಗಾತಿಗಳು ಮಾರಿಬಿಡೋಣ ಎಂಬ ಮನಸ್ಸಿನಲ್ಲಿದ್ದರು. ಗಂಟೆಗಟ್ಟಲೆ ಮಾತಾಡಿದ ಮೇಲೆ ಮೂರ್ತಿಯವರು, ಹೋಗುವವರು ಹೋಗಿ, ನಿಮ್ಮ ಪಾಲನ್ನು ನಾನೇ ಕೊಳ್ಳುತ್ತೇನೆ ಎಂಬರ್ಥದ ಮಾತು ಹೇಳಿದರು. ಆಗ ಅವರ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಆದರೂ ಒಬ್ಬೊಬ್ಬರಾಗಿ ಎಲ್ಲರೂ ಉಳಿದರು. ಅವರ ನಾಯಕತ್ವ ಏನೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಒಂದು ದಿನವನ್ನು. ಅದು ಬಂದದ್ದು ಕಂಪನಿ ಹುಟ್ಟಿ ಒಂಬತ್ತು ವರ್ಷದ ಮೇಲೆ.

1991ರಲ್ಲಿ ದೇಶದ ಆರ್ಥಿಕ ನೀತಿ ಬದಲಾಯಿತು, ಪರವಾನಗಿಗಳ ಬಿಗಿ ಸಡಿಲವಾಯಿತು. ಇದು ಯಾರ ಧೈರ್ಯದ ಫಲವೂ ಅಲ್ಲ, ಕಾಲ ಒದಗಿಬಂದದ್ದು. 1993ರಲ್ಲಿ 95 ರೂಪಾಯಿಗೆ ಒಂದರಂತೆ ಷೇರು ಮಾರಲು ಹೋದಾಗ ಜನ ಪೂರ್ತಿ ಕೊಳ್ಳಲೂ ಇಲ್ಲ. ಉಳಿದುದನ್ನು ಮಾರ್ಗನ್ ಸ್ಟಾನ್ಲಿ ಎತ್ತಿಕೊಂಡಿತು. ಮರುವರ್ಷ ನೌಕರರಿಗೂ ಷೇರು ಕೊಡುವ ಯೋಜನೆ ತಂದರು, 1999ರಲ್ಲಿ ಅಮೆರಿಕದ ನಾಸ್ಡಾಕ್ ತಲುಪಿದರು. ‘ರಾತ್ರೋರಾತ್ರಿ’ ಎನ್ನುವವರು ಈ ಇಸವಿಗಳನ್ನು ಕಳೆದು ನೋಡಲಿ. ಹದಿನೆಂಟು ವರ್ಷ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಇನ್ಫೋಸಿಸ್ ಮೂರ್ತಿ ಕುಟುಂಬದ ಸ್ವತ್ತು ಎನ್ನುತ್ತಾರೆ. ಸ್ಥಾಪಕರ ಕುಟುಂಬಗಳನ್ನೆಲ್ಲ ಕೂಡಿಸಿದರೂ ಷೇರು ಕಾಲುಭಾಗ ಮುಟ್ಟುವುದಿಲ್ಲ. ವಾರಕ್ಕೆ 70 ಗಂಟೆ ದುಡಿದರೆ ಯಾರಾದರೂ ಹಾಗಾಗಬಹುದು ಎನ್ನುತ್ತಾರೆ. ಮಸ್ಕಿ, ಲಿಂಗಸುಗೂರು, ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುವವರು ಅದಕ್ಕಿಂತ ಹೆಚ್ಚೇ ದುಡಿಯುತ್ತಾರೆ. ಬಿಲ್ ಗೇಟ್ಸ್ ಓದು ಬಿಟ್ಟವರಲ್ಲವೇ ಎನ್ನುತ್ತಾರೆ. ಅವರು ಬಿಟ್ಟದ್ದು ಹಾರ್ವರ್ಡನ್ನು, ಬಿಡುವ ಹೊತ್ತಿಗೆ ಆರೇಳು ವರ್ಷ ಪ್ರೋಗ್ರಾಂ ಬರೆದಿದ್ದರು, ತಂದೆ ಸಿಯಾಟಲ್‌ನ ಹೆಸರಾಂತ ವಕೀಲ.

ಇನ್ನೊಂದು ನಂಬಿಕೆ ನಮ್ಮ ಕಡೆಯದು, ಅದು ಕೇಳಿದಾಗ ನೋವಾಗುತ್ತದೆ. ಇದೆಲ್ಲ ಬೆಂಗಳೂರು, ಮೈಸೂರಿನವರಿಗೆ, ನಮ್ಮಂಥವರಿಗಲ್ಲ ಎಂಬುದು. ನಂದನ್ ನಿಲೇಕಣಿ ಹೈಸ್ಕೂಲು ಓದಿದ್ದು ಧಾರವಾಡದ ಸೇಂಟ್ ಜೋಸೆಫ್ಸ್‌ನಲ್ಲಿ. ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆ ಅಮೆರಿಕದಲ್ಲಿ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ ಕಟ್ಟಿದರು, 1997ರಲ್ಲಿ ಅದು 370 ಕೋಟಿ ಡಾಲರಿಗೆ ಮಾರಾಟವಾಯಿತು. ಇವರ ದಾರಿಯೂ ಅದೇ: ಮದ್ರಾಸ್ ಐಐಟಿ, ಕೆನಡಾದಲ್ಲಿ ಪಿಎಚ್‌ಡಿ, ಮೊಟೊರೊಲಾದ ಕೋಡೆಕ್ಸ್‌ನಲ್ಲಿ ನೌಕರಿ, ಆಮೇಲೆ ಕೋರಲ್ ನೆಟ್‌ವರ್ಕ್ಸ್ ಎಂಬ ಮೊದಲ ಕಂಪನಿ. ಪಾಲುದಾರರ ಜೊತೆ ಒಮ್ಮತ ಬಾರದೆ ಅದನ್ನು ಬರಿಗೈಯಲ್ಲಿ ಬಿಟ್ಟು ಬಂದು ಕ್ಯಾಸ್ಕೇಡ್ ಕಟ್ಟಿದರು. ಇಲ್ಲೂ ಹತ್ತು ಸಾವಿರದ ಪವಾಡವಿಲ್ಲ, ಓದಿದೆ, ನೌಕರಿಯಿದೆ, ಒಂದು ಸೋಲಿದೆ.

ನಮ್ಮ ಜನ ಯಾಕೆ ನಂಬುತ್ತಾರೆ ಎಂದು ಯೋಚಿಸಿದ್ದೇನೆ. ನಂಜುಂಡಪ್ಪ ಸಮಿತಿ 2002ರಲ್ಲೇ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗ, ಮಾನ್ವಿಗಳನ್ನು ಇಟ್ಟಿತ್ತು. ನೌಕರಿ ಕಾಣದ ಊರಲ್ಲಿ ಹುಡುಗರಿಗೆ ಬಾಗಿಲು ಬೇಕು. ಹದಿನೆಂಟು ವರ್ಷದ ಬಾಗಿಲು ಯಾರಿಗೂ ರುಚಿಸುವುದಿಲ್ಲ, ಹತ್ತು ಸಾವಿರದ ಬಾಗಿಲು ರುಚಿಸುತ್ತದೆ. ಅದು ಗೊತ್ತಿದ್ದವರು ಟಿಕೆಟ್ ಇಟ್ಟು ಆ ಕಥೆ ಮಾರುತ್ತಾರೆ. ನಿನ್ನೆ ಚೈನ್ ಮಾರ್ಕೆಟಿಂಗ್, ಇವತ್ತು ಸ್ಟಾರ್ಟಪ್. ವೇದಿಕೆ ಅದೇ, ಕುರ್ಚಿ ಅದೇ, ಕೂತ ಹುಡುಗರ ಅಪ್ಪಂದಿರ ಹೊಲ ಅದೇ. ಹಣವಂತರ ಮನೆಯ ಹುಡುಗ ನಾಲ್ಕು ಲಕ್ಷ ಕಳೆದುಕೊಂಡರೆ ಅದು ಪಾಠ. ಎರಡು ಎಕರೆಯವನು ಕಳೆದುಕೊಂಡರೆ ಮನೆಮಂದಿಯೆಲ್ಲ ಗುಳೆ. ಈ ವ್ಯತ್ಯಾಸ ಗೊತ್ತಿದ್ದೂ ಅದೇ ಕಥೆ ಹೇಳುವವರನ್ನು ನಾನು ಕ್ಷಮಿಸಲಾರೆ.

ಕಂಪನಿ ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ. ಕಟ್ಟಬೇಕು, ಇಲ್ಲಿಯೇ ಕಟ್ಟಬೇಕು. 2019ರಲ್ಲಿ ರಾಯಚೂರಿನ ಹೆಸರಿನ ಐಐಐಟಿ ಹೈದರಾಬಾದ್ ಐಐಟಿಯ ಆವರಣದಲ್ಲಿ ಪಾಠ ಶುರು ಮಾಡಿ, ಈಗ ನಮ್ಮೂರಿಗೇ ಬಂದಿದೆ. ಹತ್ತಿ, ಭತ್ತ, ಮೆಣಸಿನಕಾಯಿಯ ಲೆಕ್ಕ ಇಟ್ಟುಕೊಳ್ಳುವ, ತೂಕ ಹಾಕುವ, ಸಾಗಿಸುವ ಕೆಲಸದಲ್ಲಿ ನಮ್ಮ ಹುಡುಗರು ಬಿಡಿಸಬಹುದಾದ ಗಂಟುಗಳು ಎಷ್ಟೋ ಇವೆ. ಅದಕ್ಕೆ ಮೊದಲು ಕಸುಬು ಕೈಗೆ ಬರಬೇಕು.

ಅಕ್ಕನ ಮಗ ಪರೀಕ್ಷೆ ಬರೆದ. ರಜೆಯಲ್ಲಿ ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಕೂತು ಲೆಕ್ಕದ ಪುಸ್ತಕ ಹೇಗೆ ಬರೆಯುತ್ತಾರೆ ಎಂದು ನೋಡಿಕೊಂಡು ಬಂದಿದ್ದಾನೆ. ಪಹಣಿ ಇನ್ನೂ ಮನೆಯ ಟ್ರಂಕಿನಲ್ಲೇ ಇದೆ.

ದೇವದುರ್ಗ, ಮಾನ್ವಿ, ರಾಯಚೂರಿನ ಅಪ್ಪ ಅವ್ವಂದಿರಲ್ಲಿ ನನ್ನದೊಂದು ಬೇಡಿಕೆ. ಮಗನೋ ಮಗಳೋ ಆ ಕೆಂಪಕ್ಷರದ ಚಿತ್ರ ತೋರಿಸಿ ದುಡ್ಡು ಕೇಳಿದರೆ ಬೈಯಬೇಡಿ. ಪಹಣಿ ಬ್ಯಾಂಕಿಗೆ ಕೊಡುವ ಮುನ್ನ ಒಂದನ್ನು ಮಾತ್ರ ಕೇಳಿ: ನೀನು ಮಾಡುವುದನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು, ಒಬ್ಬರ ಹೆಸರು ಹೇಳು.