ಏರಿಸಿದ ಕಡತ, ಸಿಗದ ಕಡತ

ಬೆಂಗಳೂರಿನ ತ್ಯಾಗರಾಜನಗರದಲ್ಲಿ ಮನೆ ಮಾಡಿಕೊಂಡಿರುವವರು ತಮ್ಮ ವಾರ್ಡ್‌ನ ಗಡಿ ಯಾವುದೆಂದು ಅಂತರ್ಜಾಲದಲ್ಲಿ ಹುಡುಕುತ್ತಾರೆ ಎಂದುಕೊಳ್ಳಿ. ಬಿಬಿಎಂಪಿಯಲ್ಲಿ 198 ವಾರ್ಡ್‌ಗಳಿದ್ದವು. 2022ರಲ್ಲಿ ಅವನ್ನು 243 ಮಾಡಿದರು, 2023ರಲ್ಲಿ 225ಕ್ಕೆ ಇಳಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದವು. ಪ್ರತಿ ಸಲವೂ ಅಧಿಸೂಚನೆ, ಪಟ್ಟಿ, ನಕ್ಷೆ. ಇಂಥ ಕಾಗದ ಪಿಡಿಎಫ್ ಆಗಿ ಜಾಲತಾಣಕ್ಕೆ ಏರುತ್ತದೆ. ಏರಿಸಿದವರು ದಿನಾಂಕ ಬರೆಯದಿದ್ದರೆ ಯಾವುದು ಜಾರಿಯಲ್ಲಿದೆ, ಯಾವುದು ರದ್ದಾಗಿದೆ ಎಂದು ಗೂಗಲ್ ಹೇಳಲಾರದು. ಮಾಹಿತಿ ಮುಚ್ಚಿಡುವುದು ಒಂದು ರೋಗ. ಏರಿಸಿದ ಮಾತ್ರಕ್ಕೆ ಪ್ರಕಟಿಸಿದಂತಾಯಿತು ಎಂದು ನಂಬುವುದು ಅದಕ್ಕಿಂತ ಸಾಮಾನ್ಯವಾದ ರೋಗ.

ಸಂಘ, ಶಾಲೆ, ದೇವಸ್ಥಾನ ಸಮಿತಿಗಳ ತಾಣಗಳಲ್ಲೂ ಇದೇ ಕಥೆ. ವರ್ಡ್‌ಪ್ರೆಸ್‌ನ ಮೀಡಿಯಾ ಲೈಬ್ರರಿಗೆ ಕಡತ ಎಳೆದು ಹಾಕಿದರೆ ಅರೆಕ್ಷಣದಲ್ಲಿ ಕೆಲಸ ಮುಗಿಯುತ್ತದೆ, ತೊಂದರೆ ಶುರುವಾಗುವುದೂ ಅಲ್ಲೇ. ತಿದ್ದಿದ ಪಟ್ಟಿಯನ್ನು ಅದೇ ಹೆಸರಿನಲ್ಲಿ ಮತ್ತೆ ಏರಿಸಿದರೆ ಹಳೆಯದು ಅಳಿಯುವುದಿಲ್ಲ. ಹೊಸದರ ಹೆಸರಿಗೆ ಒಂದು ಅಂಕಿಯ ಬಾಲ ಅಂಟುತ್ತದೆ. ಹಳೆಯ ಕೊಂಡಿ ಹಳೆಯ ಕಡತವನ್ನೇ ಕೊಡುತ್ತಿರುತ್ತದೆ. ಕಡತಕ್ಕೆ ಕನ್ನಡದಲ್ಲಿ ಹೆಸರಿಡುವ ಅಭಿಮಾನಕ್ಕೂ ಒಂದು ದಂಡವಿದೆ. ‘ತ್ಯಾಗರಾಜನಗರ’ ಎಂಬ ಪದ ಕಂಪ್ಯೂಟರಿಗೆ 11 ಸಂಕೇತ. ಒಂದೊಂದೂ 3 ಬೈಟ್. ಕೊಂಡಿಯೊಳಗೆ ಬೈಟಿಗೆ 3 ಚಿಹ್ನೆ. ವಾಟ್ಸ್‌ಆ್ಯಪ್‌ಗೆ ಅಂಟಿಸಿದಾಗ ಊರ ಹೆಸರು 99 ಚಿಹ್ನೆಗಳ ಗೊಂಡೆಯಾಗಿ ನಿಲ್ಲಬಹುದು. ಕನ್ನಡ ಇರಬೇಕಾದದ್ದು ಕೊಂಡಿಯಲ್ಲಲ್ಲ, ಶೀರ್ಷಿಕೆಯಲ್ಲಿ ಮತ್ತು ಕಡತದ ಒಳಗೆ.

ಒಳಗಿನ ಕನ್ನಡದ ಪಾಡು ಇನ್ನೂ ಕಷ್ಟದ್ದು. ಕನ್ನಡಕ್ಕೆ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲೇ. ಆದರೂ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಕಾಗದಗಳು ರಾಶಿ ರಾಶಿ ಇವೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು: ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್. ಸ್ಕ್ಯಾನ್ ಮಾಡಿದ ಹಾಳೆಯಂತೂ ಬರೀ ಫೋಟೊ. 300 ಡಿಪಿಐನಲ್ಲಿ ಎ4 ಹಾಳೆಯೊಂದು ಸುಮಾರು 87 ಲಕ್ಷ ಚುಕ್ಕಿಗಳ ಚಿತ್ರ. ಅದೇ ಪುಟದ ಅಕ್ಷರಗಳನ್ನಷ್ಟೇ ಇಟ್ಟರೆ ಕೆಲವೇ ಕಿಲೋಬೈಟ್. ಫೋಟೊದೊಳಗೆ ಹುಡುಕಿದರೆ ಹೆಸರು ಸಿಗದು, ದೃಷ್ಟಿ ಇಲ್ಲದವರ ಫೋನ್ ಅದನ್ನು ಸರಿಯಾಗಿ ಓದಿ ಹೇಳದು.

ಸಹಿ, ಮೊಹರು ಕಾಣದಿದ್ದರೆ ನಂಬುವವರಾರು ಎಂಬ ಆಕ್ಷೇಪ ಬರುತ್ತದೆ. ನ್ಯಾಯವೇ. ಆದರೆ ಡಿಜಿಟಲ್ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಮಾನ್ಯತೆ ಕೊಟ್ಟಿದೆ. ಅದೂ ಬೇಡವೆಂದರೆ ಸ್ಕ್ಯಾನ್ ಪ್ರತಿಯ ಪಕ್ಕದಲ್ಲಿ ಅಕ್ಷರರೂಪದ ಪ್ರತಿಯನ್ನೂ ಇಡಬಹುದು. ಗುಮಾಸ್ತರಿಗೆ ಪುರುಸೊತ್ತಿಲ್ಲ ಎನ್ನುವ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಬೆರಳಚ್ಚಾದ ಕಡತವನ್ನು ಮುದ್ರಿಸಿ, ಮತ್ತೆ ಸ್ಕ್ಯಾನ್ ಮಾಡಿ, ಆಮೇಲೆ ಏರಿಸುವುದಕ್ಕಿಂತ ನೇರವಾಗಿ ಪಿಡಿಎಫ್ ಮಾಡಿ ಏರಿಸುವುದು ಕಡಿಮೆ ಕೆಲಸ. ಯುನಿಕೋಡ್ ಪಿಡಿಎಫ್‌ನಲ್ಲೂ ನಕಲು ಮಾಡುವಾಗ ಒತ್ತಕ್ಷರ ಕೆಡುವುದುಂಟು, ನಿಜ. ಹಾಗಾಗಿಯೇ ಮುಖ್ಯ ವಿಷಯವನ್ನು ಪುಟದಲ್ಲೇ ಬರೆದು, ಪಿಡಿಎಫ್ ಅನ್ನು ಅದರ ಕೆಳಗೆ ಇಡುವುದು ಲೇಸು. ಸ್ಥಳೀಯ ಭಾಷೆ ಮತ್ತು ಸುಲಭ ಲಭ್ಯತೆ, ಎರಡನ್ನೂ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಕೇಳುತ್ತದೆ.

ನಿಮ್ಮ ಬಡಾವಣೆಯ ಸಂಘಕ್ಕೊಂದು ಜಾಲತಾಣವಿದ್ದರೆ ಅಲ್ಲಿನ ಯಾವುದಾದರೂ ಪಿಡಿಎಫ್ ತೆರೆದು, ಅದರೊಳಗೆ ನಿಮ್ಮ ರಸ್ತೆಯ ಹೆಸರನ್ನು ಕನ್ನಡದಲ್ಲಿ ಹುಡುಕಿ ನೋಡಿ. ಕಣ್ಣೆದುರೇ ಇದ್ದೂ ಸಿಗದಿದ್ದರೆ, ಕಾರ್ಯದರ್ಶಿಗೆ ಒಂದು ಮಾತು ಹೇಳಿ.