ತಂಡದ ಚೆಸ್ ಮತ್ತು ಕ್ಯಾಟಲನ್ ಆರಂಭ

ಚೆಸ್ ಒಲಿಂಪಿಯಾಡ್‌ನಲ್ಲಿ ಐವರ ತಂಡದಿಂದ ಪ್ರತಿ ಸುತ್ತಿಗೂ ನಾಲ್ವರು ನಾಲ್ಕು ಬೋರ್ಡುಗಳಲ್ಲಿ ಆಡುತ್ತಾರೆ. ಒಂದು ಗೆಲುವಿಗೆ ಒಂದು, ಡ್ರಾಗೆ ಅರ್ಧ ಅಂಕ ಸಿಗುವುದರಿಂದ ಎರಡೂವರೆ ಅಂಕ ಕೂಡಿಸಿದ ತಂಡವೇ ಸುತ್ತನ್ನು ಗೆಲ್ಲುತ್ತದೆ. ಹೀಗಾಗಿ ಒಬ್ಬರ ಆಟದ ಮೇಲೆ ಇಡೀ ತಂಡದ ಭಾರ ಬೀಳುವುದುಂಟು. 2020ರ ಆನ್‌ಲೈನ್ ಒಲಿಂಪಿಯಾಡ್‌ನ ಸೆಮಿಫೈನಲ್‌ನಲ್ಲಿ ಆ ಭಾರವನ್ನು ಹೊತ್ತವರು ವಿಜಯವಾಡದ ಕೊನೇರು ಹಂಪಿ. ಪೋಲೆಂಡಿನ ಮೋನಿಕಾ ಸೋಚ್ಕೊ ಅವರನ್ನು ನಿರ್ಣಾಯಕ ಆಟದಲ್ಲಿ ಮಣಿಸಿ ಅವರು ಭಾರತವನ್ನು ಫೈನಲ್‌ಗೆ ಕೊಂಡೊಯ್ದರು, ಅಲ್ಲಿ ಭಾರತ ರಷ್ಯಾದೊಂದಿಗೆ ಚಿನ್ನ ಹಂಚಿಕೊಂಡಿತು.

ಇಂಥದೇ ಭಾರ 2024ರ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್‌ನ 45ನೆಯ ಒಲಿಂಪಿಯಾಡ್‌ನಲ್ಲಿ ಭಾರತದ ಡಿ. ಗುಕೇಶ್ ಅವರ ಮೇಲಿತ್ತು. ಹತ್ತನೆಯ ಸುತ್ತಿನಲ್ಲಿ ಎದುರಾದ ಅಮೆರಿಕವು ಅಗ್ರ ಶ್ರೇಯಾಂಕದ ತಂಡವಾಗಿದ್ದು, ಎರಡನೆಯ ಬೋರ್ಡಿನಲ್ಲಿ ಪ್ರಜ್ಞಾನಂದ ಅವರು ವೆಸ್ಲಿ ಸೊ ಅವರಿಗೆ ಸೋತರು; ಮೊದಲ ಬೋರ್ಡಿನಲ್ಲಿ ಬಿಳಿಯ ಕಾಯಿಗಳೊಂದಿಗೆ ಫ್ಯಾಬಿಯಾನೊ ಕರುವಾನ ಅವರನ್ನು ಎದುರಿಸಿದ ಗುಕೇಶ್ ಆರಿಸಿಕೊಂಡದ್ದು ಕ್ಯಾಟಲನ್ ಆರಂಭ.

1929ರ ಬಾರ್ಸಿಲೋನಾ ಪಂದ್ಯಾವಳಿಯಲ್ಲಿ ಸಾವಿಯೆಲಿ ತಾರ್ತಕೋವರ್ ಆಡಿದ ಈ ಆರಂಭಕ್ಕೆ ಆ ನಗರವಿರುವ ಕ್ಯಾಟಲೋನಿಯಾದ ಹೆಸರೇ ನಿಂತಿದೆ. ಇದರಲ್ಲಿ ಬಿಳಿಯ ಆಟಗಾರ ಡಿ4 ಮತ್ತು ಸಿ4 ಮನೆಗಳಿಗೆ ಕಾಲಾಳುಗಳನ್ನು ನಡೆಸಿ, ಜಿ3 ನಡೆಯಿಂದ ದಾರಿ ತೆರೆದು ರಾಜನ ಪಕ್ಕದ ಒಂಟೆಯನ್ನು, ಅಂದರೆ ಕರ್ಣರೇಖೆಯಲ್ಲಿ ಚಲಿಸುವ ಕಾಯಿಯನ್ನು, ಜಿ2 ಮನೆಯಲ್ಲಿ ಕೂರಿಸುತ್ತಾನೆ. ಅಲ್ಲಿಂದ ಅದರ ದೃಷ್ಟಿ ಬೋರ್ಡಿನ ನಡುವನ್ನು ಹಾಯ್ದು ಕಪ್ಪಿನ ಬಿ7 ಮತ್ತು ಎ8 ಮನೆಗಳವರೆಗೆ ಚಾಚುತ್ತದೆ. ಕಪ್ಪು ಸಿ4ರ ಕಾಲಾಳನ್ನು ಹೊಡೆದರೆ ಆ ದಾರಿ ಇನ್ನಷ್ಟು ತೆರೆದುಕೊಳ್ಳುತ್ತದೆ. ಹೊಡೆದದ್ದನ್ನು ಕಾಯಲು ಬಿ5ಕ್ಕೆ ಕಾಲಾಳನ್ನು ನೂಕಿದರೆ ಅದೇ ಪಕ್ಕ ಸಡಿಲವಾಗುತ್ತದೆ. ತನ್ನ ರಾಜನನ್ನು ಭದ್ರವಾಗಿರಿಸಿಕೊಂಡೇ ಒತ್ತಡವನ್ನು ಗಂಟೆಗಟ್ಟಲೆ ಮುಂದುವರಿಸಬಹುದಾದ್ದರಿಂದ, ಸೋಲನ್ನು ದೂರವಿಟ್ಟು ಗೆಲುವನ್ನು ಅರಸಬೇಕಾದ ತಂಡದಾಟಕ್ಕೆ ಇದು ಹೊಂದುತ್ತದೆ. ವಿಶ್ವನಾಥನ್ ಆನಂದ್ ಕೂಡ 2010ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ವೆಸೆಲಿನ್ ತೊಪಲೋವ್ ವಿರುದ್ಧ ಎರಡು ಆಟಗಳನ್ನು ಇದೇ ಆರಂಭದಿಂದ ಗೆದ್ದಿದ್ದರು.

ಗುಕೇಶ್ ಕರುವಾನ ಅವರನ್ನು ಸೋಲಿಸಿದರು. ಅರ್ಜುನ್ ಎರಿಗೈಸಿ ಲೀನಿಯರ್ ಡೊಮಿಂಗ್ವೆಜ್ ಅವರನ್ನು ಮಣಿಸಿ, ವಿದಿತ್ ಗುಜರಾತಿ ಲೆವಾನ್ ಅರೋನಿಯನ್ ಅವರೊಡನೆ ಡ್ರಾ ಮಾಡಿಕೊಂಡದ್ದರಿಂದ ಭಾರತ 2.5–1.5ರಿಂದ ಗೆದ್ದಿತು. ಮರುದಿನ ಸ್ಲೊವೇನಿಯಾವನ್ನೂ ಸೋಲಿಸಿ ಸುತ್ತುಗಳ ಫಲಿತಾಂಶಕ್ಕೆ ಸಿಗುವ 22 ತಂಡದ ಅಂಕಗಳಲ್ಲಿ 21ರೊಂದಿಗೆ ಚಿನ್ನ ಪಡೆದ ತಂಡದ ಐದನೆಯವರು ಗುಂಟೂರಿನ ಪೆಂಟಾಲ ಹರಿಕೃಷ್ಣ. ಅದೇ ದಿನ ಚಿನ್ನ ಗೆದ್ದ ಮಹಿಳಾ ತಂಡದಲ್ಲಿ ಅದೇ ಊರಿನ ದ್ರೋಣವಲ್ಲಿ ಹರಿಕಾ ಇದ್ದರು. ಚೆಸ್ ಕಲಿಯುವ ಮಕ್ಕಳು ಗುಕೇಶ್–ಕರುವಾನ ಆಟವನ್ನು ಬೋರ್ಡಿನ ಮೇಲೆ ಮತ್ತೆ ಆಡಿ ನೋಡಬೇಕು. ತಾಳ್ಮೆಯೂ ಒಂದು ಆಕ್ರಮಣವೆಂಬುದನ್ನು ಜಿ2 ಮನೆಯ ಆ ಒಂಟೆ ಅವರಿಗೆ ತೋರಿಸಿಕೊಡುತ್ತದೆ.